ಮೊಸರನ್ನದವನ ಕೈಗೆ ಸಿಕ್ಕ ಮೀನು

ಹುಟ್ಟಿದಾಗಿನಿಂದ ಮೀನು ಬಾಯಿಗಿಡದ ನಾನು ಮೀನು ಹಿಡಿಯಲೆಂದೇ ಸ್ವೀಡನ್ನಿನ ಉತ್ತರದ ತುದಿಗೆ ಹೋಗಿದ್ದೆ ಎಂದರೆ ನೀವು ನಗುತ್ತೀರಿ. ನಗಿ, ಬೇಜಾರಿಲ್ಲ. ಅದಾಗಿ ಇಷ್ಟು ವರ್ಷವಾದರೂ ನಗಬೇಕೋ ಅಳಬೇಕೋ ನನಗೇ ಗೊತ್ತಾಗಿಲ್ಲ.

ಇದಕ್ಕೆಲ್ಲ ಮೂಲ ನನ್ನ ಹೆಂಡತಿ ಶೈಲಜಾ. ಅವಳು ಕುಂದಾಪುರದವಳು, ನಾನು ಮೈಸೂರಿನವನು. ಪ್ರೀತಿಸಿ ಮದುವೆಯಾದಾಗ ಒಂದು ಒಪ್ಪಂದ ಮಾಡಿಕೊಂಡಿದ್ದೆವು: ಮನೆಯೊಳಗೆ ಮೀನಿಲ್ಲ, ಹೊರಗೆ ಅವಳಿಗೆ ಅಡ್ಡಿಯಿಲ್ಲ. ಬೆಂಗಳೂರಿನಲ್ಲಿದ್ದಾಗ ಅದು ಸಲೀಸಾಗಿ ನಡೆಯಿತು. ಸ್ವೀಡನ್ನಿಗೆ ಬಂದು ಸುಂಡ್‌ಬೀಬರ್ಯ್ ಎಂಬ ಊರಿನ ಬಾಡಿಗೆ ಫ್ಲಾಟು ಸೇರಿದ ಮೇಲೆ ಕೆಟ್ಟಿತು. ಇಲ್ಲಿ ಹೊರಗೆ ಸಿಗುವುದು ಒಂದೋ ಸಪ್ಪೆಯಾಗಿ ಬೇಯಿಸಿದ ಮೀನು, ಇಲ್ಲವೇ ಸಕ್ಕರೆ ಹಾಕಿ ಊರಿಸಿದ ಮೀನು. ಆಫೀಸಿನ ಕ್ಯಾಂಟೀನಿನಲ್ಲಿ ಅದನ್ನು ತಿಂದು ಬಂದ ದಿನವೆಲ್ಲ ಅವಳದು ಒಂದೇ ಮಾತು: "ಆಸ್ಪತ್ರೆ ಊಟ ಮಾರಾಯ್ರೆ."

ಹಾಗಾಗಿ ೨೦೧೬ರ ಬೇಸಿಗೆಯಲ್ಲಿ ಅವಳ ಹುಟ್ಟುಹಬ್ಬಕ್ಕೆ ಟ್ರೌಟ್ ಮೀನು ಹಿಡಿಯುವ ಪ್ರವಾಸವೊಂದನ್ನು ಬುಕ್ ಮಾಡಿದೆ. ಗೈಡ್ ಜೊತೆಗಿರುತ್ತಾರೆ, ನದಿಯ ದಡದಲ್ಲಿ ಬೆಂಕಿ ಹಾಕಿ ಅಡುಗೆ ಮಾಡಬಹುದು. ದಡ ಮನೆಯ ಹೊರಗಿನದು, ಒಪ್ಪಂದಕ್ಕೆ ಭಂಗವಿಲ್ಲ. ಶೈಲಜಾ ಬ್ಯಾಡಗಿ ಮೆಣಸು, ಹುಣಸೆಹಣ್ಣು ಹಾಕಿ ಮಸಾಲೆ ಅರೆದು ಸ್ಟೀಲ್ ಡಬ್ಬಿಗೆ ತುಂಬಿದಳು. ಕಬ್ಬಿಣದ ಕಾವಲಿಯೂ ತೆಂಗಿನೆಣ್ಣೆಯೂ ಬ್ಯಾಗು ಸೇರಿದವು. ನನ್ನ ಪಾಲಿಗೆ ಮೊಸರನ್ನ. ರೈಲಿನ ಡಬ್ಬಿಯಿಡೀ ಘಮಘಮಿಸುತ್ತಿತ್ತು, ಎದುರಿನ ಅಜ್ಜಿ ಎದ್ದು ಬೇರೆ ಸೀಟು ಹುಡುಕಿಕೊಂಡರು.

ನಮ್ಮ ಗೈಡ್ ಇಂಗ್ರಿಡ್, ನಿವೃತ್ತ ಟೀಚರ್. ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ತೊಡಿಸಿ, ನೀರಿಗಿಳಿಸಿ, ನಿಯಮ ಹೇಳಿದರು. ಚಿಕ್ಕ ಮೀನು ಬಿಡಬೇಕು, ಬೆಳೆಯಲಿ. ದೊಡ್ಡದನ್ನೂ ಬಿಡಬೇಕು, ಮೊಟ್ಟೆ ಇಡಲಿ. ನಡು ಅಳತೆಯದು ಸಿಕ್ಕರೆ ದಿನಕ್ಕೆ ಒಂದನ್ನು ಇಟ್ಟುಕೊಳ್ಳಬಹುದು. ಇಡುವುದೋ ಬಿಡುವುದೋ ಹಿಡಿದವರದೇ ತೀರ್ಮಾನ. ಬೇರೆಯವರು ಬಾಯಿ ಹಾಕುವಂತಿಲ್ಲ.

ಶೈಲಜಾಳ ಗಾಳಕ್ಕೆ ಮೊದಲು ಬಿದ್ದದ್ದು ಚಿಕ್ಕದು, ಆಮೇಲೆ ಬಿದ್ದದ್ದು ತೋಳುದ್ದದ್ದು. ಎರಡನ್ನೂ ಇಂಗ್ರಿಡ್ ನೀರಿಗೆ ಬಿಡಿಸಿದರು. ಮನೆಯ ಹೊರಗೆ ಬೆಂಗಳೂರು ಕನ್ನಡವನ್ನೇ ಆಡುವ ಅವಳ ನಾಲಗೆ ಅಲ್ಲಿ ತವರಿಗೆ ಓಡಿತು. "ಎಂತ ಮಾರಾಯ್ರೆ ಇದು! ಬಿಡುದಾದ್ರೆ ಹಿಡಿಯುದ್ಯಾಕೆ?" ನನಗೂ ಅದೇ ಪ್ರಶ್ನೆ. ತಿನ್ನುವುದಕ್ಕೆ ಹಿಡಿಯುವುದು ಅರ್ಥವಾಗುತ್ತದೆ, ತಿನ್ನದೆ ಸುಮ್ಮನಿರುವುದೂ ಅರ್ಥವಾಗುತ್ತದೆ. ಹಿಡಿದು, ಹೊಗಳಿ, ಫೋಟೋ ತೆಗೆದು, ಬೀಳ್ಕೊಡುವುದು ಯಾವ ಬಗೆಯ ಅಹಿಂಸೆ? ನಾನು ಬಲ್ಲ ಮೀನುಗಳೆಂದರೆ ಚಿಕ್ಕಂದಿನಲ್ಲಿ ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಪುರಿ ಎರಚಿದವು. ಇಲ್ಲಿ ಪುರಿಯೂ ಇಲ್ಲ. ಗಾಳದ ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡಿದ ಸುಳ್ಳು ನೊಣ.

ಸುಮ್ಮನೆ ನಿಂತರೆ ಚಳಿಯಾಗುತ್ತದೆಂದು ಇಂಗ್ರಿಡ್ ನನ್ನ ಕೈಗೂ ಒಂದು ಗಾಳ ಕೊಟ್ಟರು. ಮುಂದಾದದ್ದನ್ನು ನೀವು ಊಹಿಸಿಯೇ ಇರುತ್ತೀರಿ. ದಾರ ಬಿಗಿಯಿತು, ನಾನು ಕಿರುಚಿದೆ, ಇಂಗ್ರಿಡ್ ಬಲೆ ಚಾಚಿ ಅಳತೆ ನೋಡಿದರು. ಸರಿಯಾದ ನಡು ಅಳತೆ! ಒಣಗೈಯಲ್ಲಿ ಮುಟ್ಟಿದರೆ ಮೈಯ ಲೋಳೆ ಕಿತ್ತುಬರುತ್ತದೆ, ಮೊದಲು ಕೈ ಒದ್ದೆ ಮಾಡಿಕೊಳ್ಳಿ ಎಂದರು. ಮಡಿಯಲ್ಲಿ ಅಡುಗೆಮನೆಗೆ ಹೋಗುವಾಗ ನಮ್ಮಜ್ಜಿ ಹೇಳುತ್ತಿದ್ದ ಧಾಟಿಯೇ. ಕೈ ತೊಳೆದೆ. ಕೊಕ್ಕೆ ಬಿಡಿಸಿ, ಮೀನನ್ನು ನೀರೊಳಗೇ ನನ್ನ ಬೊಗಸೆಯಲ್ಲಿಟ್ಟು, "ಈಗ ನೀವು ಹೇಳಬೇಕು" ಎಂದು ಕೈಕಟ್ಟಿ ನಿಂತರು.

ನಮ್ಮ ಪುರಾಣದಲ್ಲಿ ದೇವರು ಮೊದಲು ಬಂದದ್ದು ಮೀನಾಗಿ. ಬೊಗಸೆ ನೀರಿನಲ್ಲಿ ಸಿಕ್ಕು "ಕಾಪಾಡು" ಎಂದನಂತೆ. ನನ್ನ ಬೊಗಸೆಯದು ಏನೂ ಅನ್ನಲಿಲ್ಲ. ಮೈತುಂಬ ಕೆಂಪು ಚುಕ್ಕಿ, ಕಿವಿರು ತೆರೆದು ಮುಚ್ಚುತ್ತಿತ್ತು. ತಲೆಯೆತ್ತಿದರೆ ದಡದಲ್ಲಿ ಶೈಲಜಾ, ಕೈಯಲ್ಲಿ ಮಸಾಲೆ ಡಬ್ಬಿ. ಮುಚ್ಚಳ ತೆಗೆದಾಗಿತ್ತು. ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಕೆಳಗೆ ನೋಡಿದರೂ ಅಷ್ಟೇ ಸಂಕಟ. ಮತ್ತೊಮ್ಮೆ ಅವಳ ಕಡೆ ನೋಡಿದೆ. ತಿರುಗಿ ನೋಡುವಷ್ಟರಲ್ಲಿ ಬೊಗಸೆ ಖಾಲಿಯಾಗಿತ್ತು.

ಡಬ್ಬಿಯ ಮುಚ್ಚಳ ಟಕ್ಕೆಂದಿತು. ಬೆಂಕಿಯ ಮುಂದೆ ಕೂತು ಇಬ್ಬರೂ ಮೊಸರನ್ನ ತಿಂದೆವು. ಅವಳು ಮೀನಿನ ಮಸಾಲೆಯನ್ನು ಉಪ್ಪಿನಕಾಯಿಯ ಹಾಗೆ ನೆಂಚಿಕೊಂಡಳು.

ಮುಂದಿನ ಶನಿವಾರ ನಾನೇ ಅಂಗಡಿಗೆ ಹೋಗಿ ಒಂದು ಟ್ರೌಟ್ ತಂದೆ. ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ತಂದದ್ದು ನೋಡಿ ಶೈಲಜಾ ಹುಬ್ಬೇರಿಸಿದಳು.

"ರೀ, ಒಪ್ಪಂದ?"

"ಕಿಟಕಿ ತೆಗೆದಿದೀನಲ್ಲ, ಅರ್ಧ ಹೊರಗೇ ಇದ್ದ ಹಾಗೆ."

ಕಾವಲಿ ಚುಂಯ್ ಎಂದಿತು. ಒಂದೇ ಮೇಜು, ಆಚೆ ಮೀನು, ಈಚೆ ಮೊಸರನ್ನ. ಮುಳ್ಳು ಬಿಡಿಸುತ್ತ ಅವಳು ಕೇಳಿದಳು: "ಈಗಾದ್ರೂ ನಿಜ ಹೇಳಿ. ಅವತ್ತು ಅದು ಜಾರಿದ್ದಾ, ನೀವು ಬಿಟ್ಟದ್ದಾ?"

"ದೇವರಾಣೆ ಗೊತ್ತಿಲ್ಲ ಕಣೆ."

"ನಂಗೊತ್ತುಂಟು," ಎಂದು ಅವಳು ತಿನ್ನುವುದನ್ನು ಮುಂದುವರಿಸಿದಳು.

ಏನು ಗೊತ್ತು ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಶನಿವಾರ ಬಂದರೆ ಮಾತ್ರ, ಹೊರಗೆ ಹಿಮ ಬೀಳುತ್ತಿದ್ದರೂ ಎದ್ದುಹೋಗಿ ಕಿಟಕಿ ತೆರೆಯುತ್ತೇನೆ.