ಹೆಂಗಸರಿಗೆ ಒಂದು ಜಾಗಾ

ನಿಜಾಮರ ಕಾಲ. ಯಲಬುರ್ಗಾ ಕಡೆಯ ನಮ್ಮೂರಿನಲ್ಲಿ ತಳವಾರ ಹಲಗೆ ಬಾರಿಸಿ ಸಾರಿದ: "ನಾಳೆ ಸಾಲಿ ಸಾಹೇಬ್ರು ಬರ್ತಾರ! ಮಾಸ್ತರಿಕಿ ಕಲಿಯಾಕ ನಮ್ಮ ಕಡೀಗೆ ಎಷ್ಟು ಜಾಗಾ ಇಡಬೇಕಂತ ಕೇಳ್ತಾರ! ಹೆಂಗಸ್ರೂ ಬರ್ರಿ!"

ಹಲಗೆಯ ಸದ್ದಿನಲ್ಲಿ ಜನಕ್ಕೆ ಕೇಳಿಸಿದ್ದು ಜಾಗಾ ಒಂದೇ. ಸರಕಾರ ಮನೆ ಕಟ್ಟಲು ತಲೆಗೊಂದು ಜಾಗ ಹಂಚುತ್ತದೆ ಎಂದು ಊರೇ ಕುಣಿಯಿತು.

ನಮ್ಮ ಅತ್ತೆಗೆ ಮಾತ್ರ ಸರಿಯಾಗಿ ಕೇಳಿಸಿತ್ತು. ಅವಳು ಅಪ್ಪನ ತಂಗಿ. ಗಂಡ ಸತ್ತ ಮೇಲೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿದುಕೊಂಡಿದ್ದಳು. ಚಿಕ್ಕಂದಿನಲ್ಲಿ ನಮ್ಮಪ್ಪನ ಪಾಠ ಕೇಳಿ ಕೇಳಿಯೇ ಓದು ಬರಹ ಕಲಿತವಳಿಗೆ ತಾನೂ ಶಾಲೆಯ ಅಕ್ಕೋರು ಆಗಬೇಕೆಂಬ ಹುಚ್ಚು.

ಮರುದಿನ ಬೇವಿನ ಗಿಡದ ಕೆಳಗೆ ಕೂತ ಸಾಹೇಬರನ್ನು ಎಲ್ಲರಿಗಿಂತ ಮೊದಲು ಹೋಗಿ ಮಾಸ್ತರಿಕಿ ಕಲಿಯಲು ತನಗೊಂದು ಜಾಗಾ ಕೇಳಿಯೇಬಿಟ್ಟಳು.

"ಹೆಂಗಸರದೊಂದು ಜಾಗಾ ಇಡಬೇಕಂದ್ರ ಸಾಲಿಗೆ ಹುಡುಗ್ಯಾರು ಬರಬೇಕವಾ. ಈ ಊರಾಗ ಯಾರದಾರ?" ಎಂದರು ಸಾಹೇಬರು.

ಅಷ್ಟರಲ್ಲಿ ಹೆಂಗಸರ ದಂಡೇ ಬಂತು. ತಲೆಗೊಂದು ಜಾಗ ಅಂದಮೇಲೆ ಹೆಣ್ಣುಮಕ್ಕಳನ್ನು ಬಿಟ್ಟು ಬರುತ್ತಾರೆಯೇ? ನನ್ನನ್ನೂ ಅವ್ವ ರಟ್ಟೆ ಹಿಡಿದು ಎಳೆತಂದಿದ್ದಳು. ಮುಂದೆ ನಾನು ಕಲಿತದ್ದು ಅಷ್ಟಕ್ಕಷ್ಟೇ, ಆದರೆ ಅವತ್ತಿನ ಎಣಿಕೆಯಲ್ಲಿ ನಾನೂ ಇದ್ದೆ.

"ಇಗಾ ನೋಡ್ರಿ!" ಎಂದಳು ಅತ್ತೆ.

ಸಾಹೇಬರು ಕಣ್ಣರಳಿಸಿದರು. "ಇಷ್ಟೂ ಹುಡುಗ್ಯಾರು ಬರ್ತಾರ?"

"ಬಂದು ನಿಂತಾರಲ್ರಿ!"

ಅವರು ಬರೆದುಕೊಳ್ಳತೊಡಗಿದರು. ಒಬ್ಬ ಮುದುಕಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ನನ್ನ ಮೊಮ್ಮಗಳಿಗೆ ಹಳ್ಳದ ಬಾಜೂಕಿನ ಜಾಗಾ ಕೊಡ್ರಿ."

ಸಾಹೇಬರ ಕೈ ನಿಂತಿತು.

"ಸಾಲ್ಯಾಗ ಕುಂದ್ರಾಕ ಕೇಳಾಕತ್ತಾಳ್ರಿ. ಹಳ್ಳದ ಕಡಿ ಕಿಟಕಿಗೆ ಗಾಳಿ ಛಲೋ ಬರ್ತೈತಿ," ಎಂದಳು ಅತ್ತೆ.

"ಭಾಳ ಛಲೋ!" ಎಂದು ನಕ್ಕು, ಹೆಂಗಸರಿಗೆ ಒಂದು ಎಂದು ಬರೆದೇಬಿಟ್ಟರು.

ಅವರ ಬಂಡಿ ತಿರುಗಿದ್ದೇ ತಡ, ಹೆಂಗಸರು ಅತ್ತೆಯನ್ನು ಮುತ್ತಿದರು. "ನಮ್ಮ ಜಾಗಾ ಎಲ್ಲೈತಿ?"

"ಕಿಟಕಿ ಬಾಜೂಕ! ನಾ ಕಲ್ತು ಬರ್ತೀನಿ, ಹುಡುಗ್ಯಾರ್ನ ಕಳಸ್ರಿ!"

ಬೈದರು, ಬೈಯುತ್ತ ಬೈಯುತ್ತ ತಾವೇ ನಕ್ಕರು.

ಕೆಲವು ತಿಂಗಳಿಗೆ, ಅತ್ತೆ ಮಾಸ್ತರಿಕಿ ಕಲಿಯಲು ಬರಬೇಕೆಂದು ಹುಕುಂ ಬಂತು. ಅಪ್ಪ ಅದನ್ನು ಓದಿ ಮುಖ ಗಂಟು ಹಾಕಿದ. "ನೀ ಹೋದ್ರ ರೊಟ್ಟಿ ಬಡಿಯೋರು ಯಾರು?"

"ನಿನ್ನ ಕೈಗೇನು ಧಾಡಿ, ಅಣ್ಣಾ?" ಎಂದವಳೇ ಹಿಟ್ಟಿನ ಕೈ ಝಾಡಿಸಿ ಸೀರೆಗಳನ್ನು ಗಂಟು ಕಟ್ಟತೊಡಗಿದಳು.