ಬೀಗಿತ್ತಿ ಬಂದಾಗ ಬಂದ ಮ್ಯೂಸಿಕ್ಕು

ಕಳೆದ ಭಾನುವಾರ ನಂಜನಗೂಡಿನ ಒಂದು ಛತ್ರದ ಬಾಗಿಲಲ್ಲಿ ಮದುವೆಯೊಂದು ಮುರಿದು ಬೀಳುವುದರಲ್ಲಿತ್ತು. ಕಾರಣ ವರದಕ್ಷಿಣೆಯಲ್ಲ, ಜಾತಕವಲ್ಲ, ಊಟಕ್ಕೆ ಹೋಳಿಗೆ ಕಮ್ಮಿಯಾದದ್ದೂ ಅಲ್ಲ. ಮ್ಯೂಸಿಕ್ಕು!

ಹೆಣ್ಣಿನ ಅಪ್ಪ ಶ್ರೀಕಂಠ ನನ್ನ ಬಾಲ್ಯದ ಗೆಳೆಯ, ಕಳಲೆಯವನು. ಭಜನೆಯಲ್ಲಿ ಹಾರ್ಮೋನಿಯಂ ಒತ್ತುತ್ತಿದ್ದ. ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮಷೀನಿನ ಸದ್ದಿಗೆ ತಾಳ ಹಾಕಿ ಸೂಪರ್‌ವೈಸರ್ ಹತ್ತಿರ ಬೈಸಿಕೊಳ್ಳುತ್ತಿದ್ದ. ಕೊನೆಗೆ ಕೆಲಸ ಬಿಟ್ಟು ಬೆಂಗಳೂರಿನ ಸ್ಟುಡಿಯೋ ಸೇರಿ ಕೀಬೋರ್ಡ್ ನುಡಿಸಿದ. (ನುಡಿಸಿದ್ದಕ್ಕಿಂತ ಹೊತ್ತದ್ದೇ ಹೆಚ್ಚು ಅಂತ ಅವನೇ ಹೇಳುತ್ತಾನೆ.) ಆಮೇಲೆ ಸಂಗೀತ ನಿರ್ದೇಶಕನಾದ. ಎರಡು ಸಿನಿಮಾ. ಮೊದಲನೆಯದು ಥಿಯೇಟರಿಗೆ ಬಂದುಹೋದದ್ದು ಅವನಿಗೇ ಗೊತ್ತಾಗಲಿಲ್ಲ. ಎರಡನೆಯದು ಬರಲೇ ಇಲ್ಲ.

ಕೈ ಹಿಡಿದದ್ದು ಸೀರಿಯಲ್ಲು. ಅಲ್ಲಿ ಹಾಡಿಗಿಂತ ಹಿನ್ನೆಲೆ ಸಂಗೀತವೇ ಜಾಸ್ತಿ. ಸೊಸೆ ಅತ್ತರೆ ಕೊಳಲು, ಮಾವ ಕೆಮ್ಮಿದರೆ ವೀಣೆ. ಅವನ ಹೆಸರು ನಿಂತದ್ದು ಮಾತ್ರ ವಿಲನ್ ಅತ್ತೆ ಹೊಸ್ತಿಲು ದಾಟುವಾಗ ಬರುವ ಒಂದು ಪುಟ್ಟ ಟ್ಯೂನಿನಿಂದ. ‘ಡಂಡಂ ಡಡಡಂ’ ಅಂತ ಶುರುವಾದರೆ ಸಾಕು, ನಿಮ್ಮ ಮನೆಯ ಮಕ್ಕಳೂ ‘ಬಂದ್ಲು ಬಂದ್ಲು’ ಅನ್ನುತ್ತವೆ. ಹೆಸರು ನಿಂತಿತು ಅಂದೆನಲ್ಲ, ತಪ್ಪು. ನಿಂತದ್ದು ಟ್ಯೂನು. ಹೆಸರು ಕಡೆಯಲ್ಲಿ ಬರುತ್ತೆ, ಅಷ್ಟೊತ್ತಿಗೆ ನೀವು ಚಾನೆಲ್ ತಿರುಗಿಸಿರುತ್ತೀರಿ. ಊರಿನವರಿಗೆ ಅವನು ಇವತ್ತಿಗೂ ಹಾರ್ಮೋನಿಯಂ ಶ್ರೀಕಂಠ. ಅದು ಅವನಿಗೆ ಒಳಗೊಳಗೇ ನೋವು.

ಆ ನೋವನ್ನು ಅರ್ಥ ಮಾಡಿಕೊಂಡವರು ಕವಲಂದೆಯ ವಾಲಗದ ಕೆಂಪಣ್ಣ. ನಮ್ಮ ಕಡೆಯ ಹುಡುಗ ಟಿವಿಗೆ ಮ್ಯೂಸಿಕ್ ಹಾಕವ್ನೆ, ಅವನ ಮಗಳ ಮದುವೆಯಲ್ಲಿ ಅದನ್ನು ಊದದೆ ಇದ್ದರೆ ಹೇಗೆ ಅಂತ ತಾವೇ ತೀರ್ಮಾನಿಸಿ, ಪ್ರಾಕ್ಟೀಸ್ ಮಾಡಿ, ಯಾರಿಗೂ ಹೇಳದೆ ಸರ್‌ಪ್ರೈಸ್ ಇಟ್ಟುಕೊಂಡಿದ್ದರು. ಸಂಜೆಯಾದರೆ ರಿಸೆಪ್ಷನ್ ಅಂತ ತಿರುಗುವ ಮನುಷ್ಯ, ಸೀರಿಯಲ್ಲನ್ನು ಯಾವತ್ತು ನೋಡಬೇಕು? ಹಗಲು ಹೊತ್ತು ಪಕ್ಕದ ಮನೆಯ ಟಿವಿಯಿಂದ ಕಿವಿಗೆ ಬಿದ್ದದ್ದಷ್ಟೇ, ಯಾರು ಬಂದಾಗ ಬರುವ ಟ್ಯೂನು ಅದು ಅಂತ ಗೊತ್ತಿರಲಿಲ್ಲ.

ಗಂಡಿನವರನ್ನು ಛತ್ರದ ಬಾಗಿಲಲ್ಲೇ ಆರತಿ ಎತ್ತಿ, ವಾಲಗ ಊದಿಸಿ ಎದುರುಗೊಳ್ಳುವುದು ನಮ್ಮ ಕಡೆ ರೂಢಿ. ತಿ. ನರಸೀಪುರದಿಂದ ಬಸ್ಸು ಬಂತು. ಗಂಡಿನ ತಾಯಿ ಚಿಕ್ಕತಾಯಮ್ಮ ಎಲ್ಲರಿಗಿಂತ ಮುಂದೆ. ಜರಿ ಸೀರೆ, ಗಂಭೀರ ಮುಖ. ಅವರು ಬಲಗಾಲು ಎತ್ತುವುದಕ್ಕೂ ಕೆಂಪಣ್ಣ ನಾಗಸ್ವರ ಊದುವುದಕ್ಕೂ ಸರಿಹೋಯಿತು. ಡಂಡಂ ಡಡಡಂ!

ಯಾವುದೋ ಮಗು ‘ಬಂದ್ಲು ಬಂದ್ಲು’ ಅಂದಿತು. ನಕ್ಕರು ನೋಡಿ ಜನ! ಆರತಿ ತಟ್ಟೆ ಹಿಡಿದವರೂ ನಕ್ಕರು. ಬೀಗಿತ್ತಿ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಗಂಡಿನ ಸೋದರಮಾವ, ಇದು ಬೇಕಂತಲೇ ಮಾಡಿದ ಅವಮಾನ, ಮದುವೆಯೂ ಬೇಡ ಏನೂ ಬೇಡ ಅಂತ ವಾಪಸು ಬಸ್ ಹತ್ತಿ ಕೂತರು. ಒಳಗೆ ಮದುಮಗಳು ಅಳುತ್ತಿದ್ದಾಳೆ ಅಂತ ಸುದ್ದಿ ಬಂತು. (ಕೊಳಲೊಂದು ಇರಲಿಲ್ಲ ಅಷ್ಟೇ.)

ಶ್ರೀಕಂಠ ಬೆವರುತ್ತಾ ಕೈಮುಗಿದು ನಿಂತ. ಆ ಟ್ಯೂನು ತನ್ನದು ಅಂತ ಊರಿನವರು ಗುರುತಿಸಲಿ ಅಂತ ಜೀವಮಾನವೆಲ್ಲ ಕಾದವನು ಪಾಪ, ಗುರುತಿಸಿದ ದಿನವೇ ಮಗಳ ಮದುವೆ ನಿಲ್ಲಬೇಕೆ?

ಚಿಕ್ಕತಾಯಮ್ಮ ಅವನನ್ನು ದಿಟ್ಟಿಸಿ, ಇದನ್ನು ಮಾಡಿದ್ದು ನೀವೇನಾ ಅಂತ ಕೇಳಿದರು. ಹೂಂ ಅಂದ. ಅದರಲ್ಲಿ ಹೀರೋ ಬಂದಾಗ ಏನು ಬರುತ್ತೆ ಅಂದರು. ಏನೂ ಬರಲ್ಲ, ಬಾಗಿಲ ಸದ್ದಷ್ಟೇ ಅಂದ. ಮಾವ ಬಂದಾಗ?

‘ಅವ್ರಿಗೂ ಇಲ್ಲ ಕಣಮ್ಮ. ಕೆಮ್ಮಿದ್ರೆ ಮಾತ್ರ. ಬರುವಾಗ ಅಂದ್ರೆ ಅತ್ತೆ ಒಬ್ರಿಗೇ.’

ಬೀಗಿತ್ತಿ ಹಿಂದೆ ನಿಂತಿದ್ದ ಗಂಡನನ್ನು ಒಮ್ಮೆ ನೋಡಿದರು.

‘ಮದ್ವೆಯಾಗಿ ಬಂದಾಗ್ನಿಂದ್ಲೂ ಅಷ್ಟೇಯ. ನಾನ್ ಒಳಕ್ ಬಂದ್ರೆ ಒಬ್ರೂ ತಲೆ ಎತ್ತಿ ನೋಡಿಲ್ಲ ಕಣ್ರೀ. ಟಿವಿ ಸೌಂಡೂ ಕಮ್ಮಿ ಮಾಡಾಕಿಲ್ಲ.’ ಆಮೇಲೆ ಕೆಂಪಣ್ಣನ ಕಡೆ ತಿರುಗಿದರು. ‘ಊದಣ್ಣ ಇನ್ನೊಂದ್ ಕಿತ. ನಾನ್ ಓಗಿ ಕೂತ್ಕಳಗಂಟ ನಿಲ್ಲುಸ್ಬ್ಯಾಡ.’

ಊದಿದರು. ಚಿಕ್ಕತಾಯಮ್ಮ ಬಲಗಾಲಿಟ್ಟು, ತಾಳಕ್ಕೆ ಸರಿಯಾಗಿ ನಡೆದುಹೋಗಿ, ಮೊದಲ ಸಾಲಿನ ಸೋಫಾದಲ್ಲಿ ಕೂತರು. ಈ ಸಲ ಯಾರೂ ನಗಲಿಲ್ಲ. ಸೋದರಮಾವ ಬಸ್ಸಿಳಿದು ನೇರವಾಗಿ ತಿಂಡಿಗೆ ಹೋದರು. ಶ್ರೀಕಂಠ ಟವೆಲಿನಲ್ಲಿ ಬೆವರು ಒರೆಸಿಕೊಂಡ, ಜೊತೆಗೆ ಕಣ್ಣನ್ನೂ.

ನನಗಂತೂ ಜ್ಞಾನೋದಯವಾಯಿತು. ಮಾರನೇ ದಿನ ನನ್ನ ಹೆಂಡತಿ ತರಕಾರಿ ಚೀಲ ಹಿಡಿದು ಒಳಗೆ ಬಂದಳು. ಮೊಬೈಲಿನಿಂದ ತಲೆ ಎತ್ತಿ, ಕೂತಲ್ಲಿಂದಲೇ ‘ಡಂಡಂ ಡಡಡಂ’ ಅಂದೆ.

‘ಮ್ಯೂಸಿಕ್ ಆಮೇಲೆ ಹಾಕಿ,’ ಅಂದಳು, ‘ಮೊದ್ಲು ಎದ್ದು ಚೀಲ ಇಸ್ಕೊಳಿ.’