ತೊಳೆಯಬೇಕಿಲ್ಲದ ಲೋಟ

ನಮ್ಮ ಬೀದಿಯಲ್ಲಿ ನನಗೊಂದು ಹೆಸರಿದೆ. ಯಾರ ಮನೆಯ ಬೀರು ಬಾಗಿಲು ಹಾಕಲಾರದಷ್ಟು ತುಂಬಿಕೊಂಡರೂ, ಯಾರ ಅಡುಗೆಮನೆಯಲ್ಲಿ ಡಬ್ಬದ ಮೇಲೆ ಡಬ್ಬ ಕೂತು ಒಂದು ದಿನ ದಡಬಡ ಉರುಳಿದರೂ, "ಆ ಮೇಡಂನ ಕೇಳ್ರಿ, ಏನಾರ ಒಂದು ದಾರಿ ಹೇಳ್ತಾರೆ" ಎನ್ನುತ್ತಾರೆ. ಸೀರೆ, ಅದರ ರವಿಕೆ, ಅದರ ಲಂಗ ಮೂರನ್ನೂ ಮಡಿಸಿ ಒಂದೇ ದಿಂಬಿನ ಕವರಿನಲ್ಲಿ ಸೇರಿಸಿಡುವುದನ್ನು ಬೀದಿಗೆಲ್ಲ ಕಲಿಸಿದವಳು ನಾನು. ಭಾನುವಾರವೇ ಕಾಯಿ ಮಸಾಲೆ ರುಬ್ಬಿ, ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟು, ದಿನಕ್ಕೆ ನಾಲ್ಕು ಗಡ್ಡೆ ಸಾರಿಗೆ ಹಾಕಿ ಶಾಲೆಗೆ ಓಡುವ ಉಪಾಯವನ್ನು ಹೊಸದುರ್ಗದಲ್ಲಿ ಮೊದಲು ಮಾಡಿದವಳು ನಾನೇ ಎಂದು ಇವತ್ತಿಗೂ ನಂಬಿದ್ದೇನೆ. ಸವೆದ ಸೋಪಿನ ಚೂರುಗಳನ್ನು ಹಳೆಯ ಕಾಲುಚೀಲದಲ್ಲಿ ತುಂಬಿ ಬಚ್ಚಲಿಗೆ ನೇತುಹಾಕಿದ್ದೇನೆ. ಗಂಡನ ಹಳೇ ಪ್ಯಾಂಟಿನ ಒಂದು ಕಾಲು ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಕವರುಗಳ ಚೀಲ, ಇನ್ನೊಂದು ಕಾಲು ಈರುಳ್ಳಿಯ ಚೀಲ. ಯಾರಾದರೂ ಹಾಗಲ್ಲ ಹೀಗೆ ಎಂದು ತಿದ್ದಲು ಬಂದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

ಇಷ್ಟೆಲ್ಲ ಉಪಾಯಗಳಲ್ಲಿ ನಾನು ಹೆಚ್ಚು ಬೀಗಿದ್ದು ಒಂದರ ಬಗ್ಗೆ. ಅದನ್ನೇ ಈಗ ನೆನೆದರೆ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ. ಅದು ಪೇಪರ್ ಲೋಟ.

ನಮ್ಮದು ಊರಂಚಿನಲ್ಲಿ ತೋಟಕ್ಕೆ ಹೊಂದಿಕೊಂಡ ಮನೆ. ಹಿತ್ತಲಿನ ಕೊಟ್ಟಿಗೆಯ ಅಟ್ಟದ ಮೇಲೆ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗಿ ಒಳಗೊಳಗೇ ಕೊಬ್ಬರಿಯಾಗುತ್ತದೆ. ಆಮೇಲೆ ಸಿಪ್ಪೆ ಸುಲಿದು, ಚಿಪ್ಪು ಒಡೆದು ಕೊಬ್ಬರಿ ಬಿಡಿಸಲು ಆರೇಳು ಜನ ಬರುತ್ತಾರೆ. ವಾರವಿಡೀ ಹಿತ್ತಲಲ್ಲಿ ಟಪ್ ಟಪ್ ಸದ್ದು, ನಗು, ಮಾತು. ಅವರಲ್ಲಿ ಒಬ್ಬಳು ನಾನು ಮದುವೆಯಾಗಿ ಬಂದ ವರ್ಷದಿಂದಲೂ ಬರುತ್ತಿದ್ದಾಳೆ. ಹೆಚ್ಚುಕಡಿಮೆ ನನ್ನ ವಯಸ್ಸಿನವಳೇ. ಒಂದೇ ಪೆಟ್ಟಿಗೆ ಚಿಪ್ಪು ಎರಡು ಹೋಳಾಗಿ, ಕೊಬ್ಬರಿ ಮಾತ್ರ ಗೀರೂ ಬೀಳದೆ ಉಂಡೆಯಾಗಿ ಅವಳ ಅಂಗೈಗೆ ಬರುತ್ತದೆ. ನಾನು ಎಷ್ಟೋ ಸಲ ಪ್ರಯತ್ನಪಟ್ಟು ಕೊಬ್ಬರಿ ಪುಡಿ ಮಾಡಿದ್ದೇನೆ. "ಬಿಡ್ರಿ ಅಮ್ಮಾರೆ, ನಿಮ್ಮ ಕೈಗೆ ಸೀಮೆಸುಣ್ಣನೇ ಸರಿ" ಎಂದು ನಗುತ್ತಾಳೆ.

ಅವಳ ಕೇರಿ ಊರಿನಿಂದ ಬೇರೆಯಾಗಿ, ರಸ್ತೆಯ ಆಚೆ ಇದೆ. ಅಲ್ಲಿನವರು ನಮ್ಮ ಮನೆಯ ಹೊಸ್ತಿಲು ದಾಟುವ ಪದ್ಧತಿ ಇರಲಿಲ್ಲ. ನಾನು ಸೊಸೆಯಾಗಿ ಬಂದಾಗ ಅವರ ಚಹಾಕ್ಕೆಂದು ಕೊಟ್ಟಿಗೆಯ ಗೋಡೆಗೂಡಿನಲ್ಲಿ ಅಲ್ಯುಮಿನಿಯಂ ಲೋಟಗಳಿದ್ದವು. ಬಂದವರು ತಾವೇ ತೆಗೆದುಕೊಂಡು, ಅತ್ತೆ ಮೇಲಿನಿಂದ ಹೊಯ್ದ ಚಹಾ ಕುಡಿದು, ತೊಳೆದು, ಮತ್ತೆ ಅಲ್ಲೇ ಇಡಬೇಕು. ನಾನಾಗ ಹೊಸದಾಗಿ ಟೀಚರ್ ಕೆಲಸಕ್ಕೆ ಸೇರಿದವಳು. ಮಕ್ಕಳಿಗೆ ಎಲ್ಲರೂ ಸಮಾನರು ಎಂದು ಪಾಠ ಮಾಡಿ ಬಂದು ಇದನ್ನು ನೋಡುವುದು ನನ್ನಿಂದಾಗಲಿಲ್ಲ. ಒಂದು ದಿನ ಲೋಟಗಳನ್ನೆಲ್ಲ ಬಾಚಿ ತಿಪ್ಪೆಗೆಸೆದೆ.

"ಹಂಗಾರೆ ನಿನ್ನ ಸ್ಟೀಲ್ ಲೋಟದಾಗೇ ಕೊಡು. ಆಮೇಲೆ ಈ ಮನ್ಯಾಗೆ ನಾನು ಒಂದು ಗುಟುಕು ನೀರೂ ಕುಡ್ಯಲ್ಲ, ನೋಡ್ಕ" ಎಂದರು ಅತ್ತೆ. ಹೇಳಿದಂತೆಯೇ ಅವತ್ತು ಊಟವನ್ನೂ ಬಿಟ್ಟರು. ಗಂಡ ನನ್ನನ್ನೂ ಅಮ್ಮನನ್ನೂ ಬದಲಾಯಿಸಿ ಬದಲಾಯಿಸಿ ನೋಡಿ, ಬೈಕ್ ಹತ್ತಿ ತೋಟಕ್ಕೆ ಹೋದರು. ಮೂರು ದಿನ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ನಾಲ್ಕನೆಯ ದಿನ ಶಾಲೆಯಿಂದ ಬರುವಾಗ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಪೇಪರ್ ಲೋಟದ ಉದ್ದನೆಯ ಪ್ಯಾಕೆಟ್ ನೇತಾಡುತ್ತಿದ್ದದ್ದು ಕಣ್ಣಿಗೆ ಬಿತ್ತು. ತಲೆಯಲ್ಲಿ ದೀಪ ಹತ್ತಿದಂತಾಯಿತು.

ಅಂದಿನಿಂದ ಎಲ್ಲ ಸಲೀಸು. ಕುಡಿದು ಬಿಸಾಡುವ ಲೋಟಕ್ಕೆ ಜಾತಿಯ ಜಗಳವೇ ಇಲ್ಲವಲ್ಲ. ಅತ್ತೆ ಊಟ ಮಾಡಿದರು, ಗಂಡ ಬೈಕ್ ಇಳಿದರು, ಕೆಲಸದವರು ಏನೂ ಅನ್ನಲಿಲ್ಲ. ನಾನು ಮರುದಿನ ಶಾಲೆಯಲ್ಲಿ, "ನಮ್ಮ ಮನೇಲಿ ಆ ಪದ್ಧತಿ ತೆಗೆದುಹಾಕಿದೆ ಕಣ್ರಿ" ಎಂದು ಎದೆಯುಬ್ಬಿಸಿ ಹೇಳಿಕೊಂಡೆ. ಯಾರೂ ಒಂದಿಂಚೂ ಬದಲಾಗದೆ ಹೇಗೆ ಪದ್ಧತಿ ಹೋಯಿತು ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಕೇಳಿಕೊಳ್ಳದಿರಲು ನೆಪಗಳು ಬೇಕಾದಷ್ಟಿದ್ದವು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು. ಆರೇಳು ಜನಕ್ಕೆ ದಿನಕ್ಕೆ ಮೂರು ಸಲ ಚಹಾ ಎಂದರೆ ತೊಳೆಯಲು ಎಷ್ಟು ನೀರು, ಎಷ್ಟು ಸೋಪು, ಎಷ್ಟು ಹೊತ್ತು! ಪೇಪರ್ ಲೋಟವಾದರೆ ತೆಂಗಿನ ಸಿಪ್ಪೆಯ ಜೊತೆ ನೀರೊಲೆಗೆ ಹಾಕಿದರಾಯಿತು. ಇದನ್ನು ಬೀದಿಯವರಿಗೂ ಹೇಳಿದೆ. ನೋಡುನೋಡುತ್ತಿದ್ದಂತೆ ಮನೆಮನೆಗೂ ಪೇಪರ್ ಲೋಟ ಬಂತು. ಆದರೆ ನೆಂಟರಿಷ್ಟರು ಇಪ್ಪತ್ತು ಜನ ಒಟ್ಟಿಗೆ ಬಂದಿಳಿದಾಗ ಅಷ್ಟೂ ಸ್ಟೀಲ್ ಲೋಟಗಳನ್ನು ನಾನೇ ಸೆರಗು ಸಿಕ್ಕಿಸಿ ತಿಕ್ಕಿದ್ದೇನೆ. ಆಗೆಲ್ಲ ನೀರಿನ ಚಿಂತೆ ನನ್ನ ತಲೆಗೆ ಬರಲೇ ಇಲ್ಲ.

ಕೊಬ್ಬರಿ ಬಿಡಿಸುವ ವಾರದಲ್ಲೇ ಒಂದು ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಗಂಡ ಊರಲ್ಲಿರಲಿಲ್ಲ. ನನ್ನ ಕೂಗು ಕೇಳಿ ಹಿತ್ತಲಿನಿಂದ ಓಡಿ ಬಂದವಳು ಆ ನನ್ನ ವಯಸ್ಸಿನವಳೇ. ಹೊಸ್ತಿಲು, ನಡುಮನೆ, ಬಚ್ಚಲು ಯಾವುದನ್ನೂ ನೋಡದೆ ನುಗ್ಗಿ, ಒದ್ದೆ ಸೀರೆಯ ಅತ್ತೆಯನ್ನು ಮಗುವಿನಂತೆ ಎತ್ತಿಕೊಂಡು ಆಟೋದವರೆಗೆ ನಡೆದಳು. ಅತ್ತೆ ಅವಳ ಕುತ್ತಿಗೆಗೆ ಎರಡೂ ಕೈ ಹಾಕಿ ನೇತುಬಿದ್ದಿದ್ದರು. ಆಸ್ಪತ್ರೆಯಲ್ಲಿ ಸಂಜೆಯವರೆಗೂ ನನ್ನ ಜೊತೆಗಿದ್ದಳು. ಮನೆಗೆ ಬಂದ ಮೇಲೆ ಅವಳಿಗೆ ಶುಂಠಿ ಹಾಕಿ ಗಟ್ಟಿ ಹಾಲಿನ ಚಹಾ ಮಾಡಿಕೊಟ್ಟೆ. ಪೇಪರ್ ಲೋಟದಲ್ಲಿ ಕೊಟ್ಟೆ. ಅವಳು ಹಿತ್ತಲ ಕಲ್ಲಿನ ಮೇಲೆ ಕೂತು ಕುಡಿದಳು. ಆಗಲೂ ನನಗೆ ಏನೂ ಅನ್ನಿಸಲಿಲ್ಲ ಎನ್ನುವುದನ್ನು ಬರೆಯುವಾಗ ಕೈ ತಡೆಯುತ್ತಿದೆ. ಆದರೂ ಬರೆಯುತ್ತೇನೆ, ಅನ್ನಿಸಲಿಲ್ಲ.

ಅತ್ತೆ ತೀರಿಕೊಂಡು ಈಗ ಆರು ವರ್ಷ. ಅವರಿಗಾಗಿ ಎಂದು ತಂದ ಪೇಪರ್ ಲೋಟ ಅವರು ಹೋದ ಮೇಲೂ ಹೋಗಲಿಲ್ಲ.

ಹೋದ ವರ್ಷ ಅವಳು ಮಗಳ ಮದುವೆ ಒಪ್ಪಿಗೆಯ ಶಾಸ್ತ್ರಕ್ಕೆ ಕರೆಯಲು ಬಂದಳು. ಹುಡುಗ ಹಿರೇಗುಂಟನೂರಿನವನು. "ನೀವು ಬರ್ಲೇಬೇಕು ಅಮ್ಮಾರೆ. ಅವ್ಳು ನಿಮ್ಮ ಶಾಲ್ಯಾಗೆ ಓದಿದೋಳು" ಎಂದಳು. ಸಂತೋಷದಿಂದಲೇ ಹೋದೆ. ಅವಳ ಮನೆಗೆ ನಾನು ಹೋದದ್ದು ಅದೇ ಮೊದಲು. ಇಷ್ಟು ವರ್ಷದಲ್ಲಿ ಮೊದಲು! ಮುಂಬಾಗಿಲ ಚಪ್ಪರದಡಿ ಜಮಖಾನ ಹಾಸಿ ಮೂವತ್ತು ನಲವತ್ತು ಜನ ಕೂತಿದ್ದರು. ನಾನೊಬ್ಬಳಿಗೇ ಪ್ಲಾಸ್ಟಿಕ್ ಕುರ್ಚಿ.

"ಬರ್ರಿ, ಬರ್ರಿ, ಕುಂತ್ಕಳ್ರಿ" ಎಂದು ಅವಳು ಸೆರಗಿನಿಂದ ಕುರ್ಚಿ ಒರೆಸಿದಳು. ಆಮೇಲೆ ಎಲ್ಲರಿಗೂ ಚಹಾ ಬಂತು. ದೊಡ್ಡ ತಟ್ಟೆ ತುಂಬ ಫಳಫಳ ಹೊಳೆಯುವ ಸ್ಟೀಲ್ ಲೋಟಗಳು. ತಟ್ಟೆ ನನ್ನ ಮುಂದೆ ಬಂದಾಗ ಕೈ ಚಾಚಿದೆ. ತಟ್ಟೆ ನಿಲ್ಲದೆ ಮುಂದಕ್ಕೆ ಹೋಯಿತು. ಹಿಂದಿನಿಂದ ಅವಳೇ ನನಗೆಂದು ಬೇರೆ ಚಹಾ ತಂದಳು. ಪೇಪರ್ ಲೋಟ. ಜೊತೆಗೆ ಅಂಗಡಿಯ ಬಿಸ್ಕತ್ತಿನ ಪೊಟ್ಟಣ, ಸೀಲ್ ಒಡೆಯದ ನೀರಿನ ಬಾಟಲಿ.

"ಹೊಸ ಪ್ಯಾಕೆಟ್ಟು ಅಮ್ಮಾರೆ, ಈಗಿನ್ನೂ ಹರ್ದಿದ್ದು. ಯಾರೂ ಮುಟ್ಟಿಲ್ಲ" ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಆ ದನಿಯಲ್ಲಿ ಕೊಂಕು ಒಂದು ಚೂರೂ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳಿಗೆ ಇದ್ದದ್ದು ನನಗೆ ಮುಜುಗರವಾಗಬಾರದು ಎಂಬ ಕಾಳಜಿ. ನಾನು ಅವಳಿಗೆ ಅಷ್ಟು ವರ್ಷ ಕೊಟ್ಟದ್ದು ಏನು ಎನ್ನುವುದು ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಗೊತ್ತಿಲ್ಲದಂತೆ ಇದ್ದವಳು ಎಂದರೆ ಸರಿ.

"ನನಗೂ ಸ್ಟೀಲ್ ಲೋಟದಲ್ಲೇ ಕೊಡಮ್ಮ" ಎನ್ನಬೇಕಿತ್ತು. ನಾಲ್ಕೇ ಪದ. ಬಾಯಿ ತೆರೆದೆ ಕೂಡ. ಆದರೆ ಹೊರಬಂದದ್ದು, "ಚಹಾ ಚೆನ್ನಾಗಿದೆ ಕಣಮ್ಮ" ಎಂಬ ಮಾತು. ಅದಕ್ಕಿಂತ ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ. ಆ ಪೇಪರ್ ಲೋಟ ಕೈಗೆ ಬಂದಾಗ ನನ್ನ ಮನಸ್ಸಿನ ಒಂದು ಮೂಲೆ, ಸದ್ಯ, ಬಚಾವಾದೆ ಎಂದಿತು. ಮಕ್ಕಳಿಗೆ ಇಷ್ಟು ವರ್ಷ ಪಾಠ ಮಾಡಿದ ನನ್ನದೇ ಮನಸ್ಸು! ಶಾಸ್ತ್ರ ಮುಗಿಯುವವರೆಗೂ ಕೂರಲಾಗಲಿಲ್ಲ. ತಲೆನೋವು ಎಂದು ಸುಳ್ಳು ಹೇಳಿ ಎದ್ದು ಬಂದೆ. ಅವಳು ರಸ್ತೆಯವರೆಗೂ ಬಂದು ಆಟೋ ಹತ್ತಿಸಿ, "ಹುಷಾರ್ರಿ, ಹೋಗಿ ಮಲಿಕ್ಕಳ್ರಿ" ಎಂದಳು.

ಅದಾದ ಮೇಲೆ ಕೆಲವು ತಿಂಗಳು ನನಗೆ ನನ್ನ ಉಪಾಯಗಳ ಮೇಲೇ ಸಿಟ್ಟು. ಪಕ್ಕದ ಮನೆಯಾಕೆ ಫ್ರಿಜ್ಜಿನಲ್ಲಿ ಜಾಗ ಮಾಡುವುದು ಹೇಗೆ ಎಂದು ಕೇಳಲು ಬಂದರೆ, "ಕಡಿಮೆ ತಂದು ಕಡಿಮೆ ತಿನ್ರಿ" ಎಂದು ಸಿಡುಕಿ ಕಳಿಸಿದೆ. ಪಾಪ, ಆಕೆಯದೇನು ತಪ್ಪು?

ಈ ಸಲ ಕೊಬ್ಬರಿ ಬಿಡಿಸುವ ದಿನ ಬಂದಾಗ ಗಟ್ಟಿ ಮನಸ್ಸು ಮಾಡಿದೆ. ಉಳಿದಿದ್ದ ಪೇಪರ್ ಲೋಟಗಳನ್ನು ಬೆಳಿಗ್ಗೆಯೇ ಒಲೆಗೆ ಹಾಕಿದೆ. ಅಡುಗೆಮನೆಯ ಸ್ಟ್ಯಾಂಡಿನಿಂದ ನಾವು ದಿನವೂ ಕುಡಿಯುವ ಸ್ಟೀಲ್ ಲೋಟಗಳನ್ನೇ ತೆಗೆದು, ಚಹಾ ತುಂಬಿ, ತಟ್ಟೆಯಲ್ಲಿಟ್ಟುಕೊಂಡು ಹಿತ್ತಲಿಗೆ ಹೋದೆ. ಕೆಲಸದ ಸದ್ದು ನಿಂತಿತು. ಎಲ್ಲರೂ ಅವಳ ಮುಖ ನೋಡಿದರು.

"ಪೇಪರ್ ಲೋಟ ಮುಗ್ದಾವೇನ್ರಿ?" ಎಂದಳು ಅವಳು.

"ಇಲ್ಲಮ್ಮ. ಇನ್ಮೇಲೆ ಇದರಲ್ಲೇ" ಎಂದೆ. ಕ್ಷಮೆ ಕೇಳುವ ನಾಲ್ಕು ಮಾತನ್ನು ಹಿಂದಿನ ದಿನದಿಂದ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದೆ. ಒಂದೂ ಬರಲಿಲ್ಲ. ಅವಳು ಒಂದು ಗಳಿಗೆ ನನ್ನನ್ನೇ ನೋಡಿ, ಲೋಟ ತೆಗೆದುಕೊಂಡಳು. ಉಳಿದವರೂ ತೆಗೆದುಕೊಂಡರು. ಅವಳು ಬಿಸಿ ಚಹಾವನ್ನು ಊದಿ ಊದಿ ಕುಡಿಯುವುದನ್ನು ನೋಡುತ್ತ ನಿಂತ ನನಗೆ ಕಣ್ಣು ತುಂಬಿ ಬಂತು. ಏನೋ ದೊಡ್ಡದನ್ನು ಸಾಧಿಸಿದಂತೆ ಅನ್ನಿಸಿತು. ಆ ಹೊತ್ತಿಗೂ ನನಗೆ ಬೀಗಲು ಒಂದು ಕಾರಣ ಸಿಕ್ಕಿತ್ತು.

ಕುಡಿದಾದ ಮೇಲೆ ಅವಳು ಅಷ್ಟೂ ಲೋಟಗಳನ್ನು ತೊಟ್ಟಿಯ ಹತ್ತಿರ ಒಯ್ದು, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದು, ಅಡುಗೆಮನೆಯ ಹಿಂಬಾಗಿಲಿಗೆ ತಂದಳು. "ಒಳಗೆ ಬಾರಮ್ಮ, ಸ್ಟ್ಯಾಂಡಿಗೇ ಇಡು" ಎಂದೆ. "ಕಾಲು ಮಣ್ಣಾಗೈತ್ರಿ" ಎಂದು ಹೊರಗೇ ನಿಂತು ತಟ್ಟೆ ಚಾಚಿದಳು. ನಾನು ತೆಗೆದುಕೊಂಡೆ. ಲೋಟಗಳು ನಾನು ತೊಳೆದುದಕ್ಕಿಂತ ಹೆಚ್ಚು ಹೊಳೆಯುತ್ತಿದ್ದವು. ಅವನ್ನು ಸಿಂಕಿಗೆ ಇಟ್ಟು, ನಲ್ಲಿ ತಿರುಗಿಸಿ, ಒಂದಕ್ಕೆ ಸೋಪು ಹಚ್ಚಿ, ಎರಡನೆಯದನ್ನು ಕೈಗೆತ್ತಿಕೊಂಡಿದ್ದೆ.

"ನಾನು ತೊಳ್ದಿದ್ದು ಸರಿಯಾಗಿರ್ಲಿಲ್ವೇನ್ರಿ?"

ಅವಳು ಹೋಗಿರಲಿಲ್ಲ. ಬಾಗಿಲಲ್ಲೇ ಇದ್ದಳು.

"ಇಲ್ಲಮ್ಮ, ಕೈ ಹಾಗೇ ಹೋಯ್ತು" ಎಂದೆ. ಅದು ನಿಜ. ತೊಳೆಯಬೇಕು ಎಂದು ನಾನು ಯೋಚಿಸಿರಲೇ ಇಲ್ಲ. ಸೋಪಿನ ನೊರೆಯ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ನಿಂತೆ. ನಲ್ಲಿ ಸುರಿಯುತ್ತಲೇ ಇತ್ತು. ಅವಳು ಹೋಗಿ ಕೊಬ್ಬರಿಯ ಮುಂದೆ ಕೂತಳು. ಟಪ್ ಟಪ್ ಸದ್ದು ಮತ್ತೆ ಶುರುವಾಯಿತು.

ಮರುದಿನ ಹತ್ತು ಗಂಟೆಗೆ ಚಹಾ ತೆಗೆದುಕೊಂಡು ಹೋದೆ. ಅವಳು ಊಟದ ಚೀಲಕ್ಕೆ ಕೈ ಹಾಕಿ ಒಂದು ಸ್ಟೀಲ್ ಲೋಟ ತೆಗೆದಳು. ಉಳಿದವರೂ ತಮ್ಮ ತಮ್ಮ ಚೀಲಗಳಿಂದ ತೆಗೆದರು. ಎಲ್ಲರಿಗೂ ಅವಳೇ ಹೇಳಿರಬೇಕು.

"ಮನಿಯಿಂದ್ಲೇ ತಂದೀವಿ ಅಮ್ಮಾರೆ. ನಿಮಗೆ ಎಲ್ಡೆಲ್ಡು ಸಲ ತೊಳ್ಯಾ ಕೆಲ್ಸ ಉಳೀತು, ನೀರೂ ಉಳೀತು" ಎಂದು ಲೋಟ ಮುಂದೆ ಹಿಡಿದಳು.

ನಾನು ಅದಕ್ಕೆ ಚಹಾ ಹೊಯ್ದೆ.